ನೂರಾ ಹದಿನೆಂಟನೆಯ ಟ್ಯಾಗ್

ತಗಡಿನ ಚಾವಣಿಗಳು, ಒಂದರ ಬೆನ್ನಿಗೆ ಇನ್ನೊಂದು, ತುಕ್ಕು ಹಿಡಿದದ್ದು, ಹೊಸದಾಗಿ ನೀಲಿ ಬಳಿದದ್ದು, ಒಂದರ ಮೇಲೆ ಯಾರೋ ಒಣಗಲು ಹರವಿದ ಕೆಂಪು ಟವೆಲು, ನಾಲ್ಕು ಮೂಲೆಗೆ ನಾಲ್ಕು ಕಲ್ಲು — ಗೊರಗುಂಟೆಪಾಳ್ಯ ದಾಟಿತೇ, ದಾಟಿತು, ಮುಂದಿನ ನಿಲ್ದಾಣ ಪೀಣ್ಯ ಅನ್ನುತ್ತಿದ್ದಾಳೆ ಮೆಟ್ರೋದ ಹೆಂಗಸು, ಎಷ್ಟು ನುಣುಪಾಗಿ ಅನ್ನುತ್ತಾಳೆ, ಪೀಣ್ಯ ಅನ್ನುವ ಹೆಸರಿಗೆ ಅಷ್ಟು ನುಣುಪು ಒಪ್ಪುವುದಿಲ್ಲ, ಅದಕ್ಕೆ ಲೇತಿನ ಕೀರಲು ಬೇಕು, ಕಬ್ಬಿಣದ ಸಿಪ್ಪೆ ಬೇಕು, ಬಿಸಿ ಎಣ್ಣೆಯ ಕಮಟು ಬೇಕು — ಈ ತಣ್ಣನೆಯ ಡಬ್ಬಿಯೊಳಗೆ ಆ ವಾಸನೆ ಬರಲು ಸಾಧ್ಯವೇ ಇಲ್ಲ, ಆದರೂ ಬಂತು, ಹತ್ತು ವರ್ಷ ಹಳೆಯದು, ನೇರ ಮೂಗಿಗೇ ಬಂತು. ನಾನು ದಾಸರಹಳ್ಳಿಗೆ ಹೊರಟವಳು, ಸೋದರತ್ತೆಗೆ ಕಣ್ಣಿನ ಆಪರೇಷನ್ ಆಗಿದೆ, ಮಡಿಲಲ್ಲಿ ಮೋಸಂಬಿ ಚೀಲ, ಪೀಣ್ಯದಲ್ಲಿ ನನಗೇನೂ ಕೆಲಸವಿಲ್ಲ, ಸುಮ್ಮನೆ ಮೇಲಿನಿಂದ ಹಾಯ್ದು ಹೋಗುವುದು ಅಷ್ಟೆ. ಆಗ ಹಾಯ್ದು ಹೋಗುವ ಮಾತೇ ಇರಲಿಲ್ಲ, ವೈಟ್‌ಫೀಲ್ಡಿನಿಂದ ಮಾರತ್ತಹಳ್ಳಿ, ಅಲ್ಲಿ ಬಸ್ ಬದಲಿಸಿ ಹೆಬ್ಬಾಳ, ಮತ್ತೆ ಬದಲಿಸಿ ಇದೇ ಗೊರಗುಂಟೆಪಾಳ್ಯ, ಅಲ್ಲಿಂದ ದಾರಿ ಕೇಳುತ್ತ ನಡಿಗೆ, ಎರಡೂವರೆ ತಾಸು — ಎರಡು ಸಾವಿರದ ಏಳನೆಯ ಇಸವಿಯ ಜೂನ್, ಕೊನೆಯ ಭಾನುವಾರ, ನನಗೆ ಇಪ್ಪತ್ನಾಲ್ಕು, ಚೀಲದಲ್ಲಿ ಒಂದು ನೋಟುಬುಕ್ಕು.

ಆ ನೋಟುಬುಕ್ಕು, ಅದರ ಹಸಿರು ರಟ್ಟು, ಈಗ ಯಾವ ಪೆಟ್ಟಿಗೆಯಲ್ಲಿದೆಯೋ, ಅದರ ತುಂಬ ಟ್ಯಾಗುಗಳು, ನೆಟ್ಟಗಿರುವವಲ್ಲ, ಸೊಟ್ಟ ಟ್ಯಾಗುಗಳು, ನಾನು ಒಂದೊಂದಾಗಿ ಹಿಡಿದು ಹಾಕಿದವು. ವೈಟ್‌ಫೀಲ್ಡಿನ ನಮ್ಮ ಆಫೀಸು ಎಂದರೆ ಮಾಲಕಿ ಅಂಜಿನಮ್ಮನ ಮನೆಯ ಮಹಡಿ, ಕೆಳಗೆ ಎರಡು ಹಸು, ಮೇಲೆ ಒಂಬತ್ತು ಕಂಪ್ಯೂಟರು, ಮಧ್ಯಾಹ್ನ ಸೆಗಣಿ ವಾಸನೆ ಏರಿ ಬಂದರೆ ಚನಬಸಪ್ಪ ಸಾರ್ ಕಿಟಕಿ ಮುಚ್ಚಿಸುತ್ತಿದ್ದರು, ಮುಚ್ಚಿದರೆ ಸೆಕೆ, ಮತ್ತೆ ತೆಗೆಸುತ್ತಿದ್ದರು. ಸಾರ್ ಇಪ್ಪತ್ತು ವರ್ಷ ಕಾರ್ಖಾನೆಯಲ್ಲಿ ದುಡಿದು ಬಿಟ್ಟು ಈ ಸಣ್ಣ ಕಂಪನಿ ತೆಗೆದವರು, ನಾವು ಮಾಡುತ್ತಿದ್ದದ್ದು ಒಂದೇ ಸಾಮಾನು, ವೆಬ್ ಫಿಲ್ಟರ್ — ಸೈಬರ್ ಸೆಂಟರ್‌ಗಳಿಗೆ, ಶಾಲೆಗಳಿಗೆ, ಇಂಟರ್ನೆಟ್ಟಿನಿಂದ ಬರುವ ಪ್ರತಿ ಪುಟವೂ ಮೊದಲು ನಮ್ಮ ಫಿಲ್ಟರಿನ ಕೈಗೆ, ಅದು ಕೊಳೆ ತೆಗೆದು ಮುಂದಕ್ಕೆ ಬಿಡಬೇಕು. ಪುಟದ ಬೆನ್ನ ಹಿಂದೆ ಟ್ಯಾಗುಗಳಿರುತ್ತವೆ, ಎರಡು ಮೊನಚು ಕಂಸಗಳ ನಡುವೆ ಒಂದು ಪದ, ಇಲ್ಲಿಂದ ದಪ್ಪಕ್ಷರ ಶುರು, ಅಲ್ಲಿಗೆ ಮುಗಿಯಿತು, ಮುಗಿಸುವ ಟ್ಯಾಗಿನಲ್ಲಿ ಪದದ ಮುಂದೆ ಒಂದು ಓರೆಗೆರೆ, ಇಷ್ಟೇ ವ್ಯಾಕರಣ, ಆದರೆ ಜನ ವ್ಯಾಕರಣದಂತೆ ಎಲ್ಲಿ ಬರೆಯುತ್ತಾರೆ, ಕೇಡಿಗರು ಬೇಕೆಂದೇ ತಪ್ಪು ಬರೆದು ವೈರಸ್ಸು ನುಗ್ಗಿಸುತ್ತಾರೆ, ಪದದ ನಡುವೆ ಸಾಲು ಮುರಿಯುತ್ತಾರೆ, ಟ್ಯಾಗಿನ ಹೊಟ್ಟೆಯಲ್ಲಿ ಇನ್ನೊಂದು ಟ್ಯಾಗ್ ಬಚ್ಚಿಡುತ್ತಾರೆ, ಅವನ್ನೆಲ್ಲ ಹುಡುಕಿ, ಬರೆದಿಟ್ಟು, ಪ್ರತಿಯೊಂದಕ್ಕೂ ಒಂದು ನಿಯಮ ಬರೆಯುವುದು ನನ್ನ ಕೆಲಸ. ಎಷ್ಟಾಯ್ತು ಗುರು ಇವತ್ತಿಗೆ, ಅನ್ನುತ್ತಿದ್ದ ಪಕ್ಕದ ಕುರ್ಚಿಯ ಲಿಖಿತ್, ನೂರಾ ಹದಿನೇಳು ಕಣೋ ಅಂದರೆ ಚಪ್ಪಾಳೆ, ಅಂಜಿನಮ್ಮನ ಮನೆಯಿಂದ ಎಲ್ಲರಿಗೂ ಗಟ್ಟಿ ಹಾಲಿನ ಚಹ, ಆ ಚಹ ಆಮೇಲೆ ಎಲ್ಲೂ ಸಿಗಲಿಲ್ಲ, ಹಸು ಹೋಯಿತು, ಅಂಜಿನಮ್ಮ ಆ ಜಾಗದಲ್ಲಿ ಐದಂತಸ್ತು ಕಟ್ಟಿಸಿದಳು, ನಾನು ಒಮ್ಮೆ ಹೋಗಿ ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡಿ ಬಂದೆ. ಎಷ್ಟು ಹೆಮ್ಮೆ ಇತ್ತು ನನಗೆ, ಗಜೇಂದ್ರಗಡದಿಂದ ಬಂದ ಮಹಾನಂದಾ ಬರೆದ ನಿಯಮ ದಾಟಿ ಒಂದು ಸೊಟ್ಟ ಟ್ಯಾಗೂ ಹೋಗದು ಎಂದು.

ಜೂನ್ ಒಂದಕ್ಕೆ ಹೊಸ ನಿಯಮ ಬಿಟ್ಟಿದ್ದೆ, ಬಹಳ ಬಿಗಿಯಾದದ್ದು — ಮೊನಚು ಕಂಸದ ಬೆನ್ನಿಗೇ ಪ್ರಶ್ನೆಚಿಹ್ನೆ ಬಂದರೆ ಅದು ಕಳ್ಳ ಆಜ್ಞೆ, ಅಲ್ಲಿಂದ ಅದರ ಕೊನೆ, ಪ್ರಶ್ನೆಚಿಹ್ನೆ ಅಂಟಿದ ಮುಚ್ಚು ಕಂಸ, ಸಿಗುವ ತನಕ ಎಲ್ಲವನ್ನೂ ಅಳಿಸು, ಕೊನೆ ಸಿಗದಿದ್ದರೆ ಪುಟದ ಕೊನೆಯವರೆಗೂ ಅಳಿಸು. ಹನ್ನೊಂದನೆಯ ತಾರೀಖು ಒಂದು ದೂರು ಬಂತು, ಪೀಣ್ಯದ ಸೈಬರ್ ಸೆಂಟರಿನಿಂದ, ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದದ್ದು, ಸಾಹೇಬ್ರ, ನಾ ಮಾಡಿದ ಪೇಜು ಹತ್ತು ದಿನದಿಂದ ಬರೇ ಬಿಳೀ ಹಾಳಿ ಕಾಣಾಕತ್ತೈತಿ, ಮೊದಲ ಚೊಲೋ ಬರ್ತಿತ್ತು, ನೋಡ್ರಿ, ಇಂತಿ ನೀಲಪ್ಪ. ನಮ್ಮ ಕಡೆಯ ಮಾತು, ಓದಿ ಖುಷಿಯಾಯಿತು, ಅಷ್ಟೆ, ಆ ಪುಟದ ಬೆನ್ನು ತೆಗೆದು ನೋಡಿದೆ, ನೋಡಿದವಳೇ ಕೂಗಿದೆ, ಏ ಲಿಖಿತ್ ಬಾರೋ ಇಲ್ಲಿ! ಮುಚ್ಚುವ ಟ್ಯಾಗುಗಳಲ್ಲೆಲ್ಲ ಓರೆಗೆರೆ ಇರಬೇಕಾದ ಜಾಗದಲ್ಲಿ ಪ್ರಶ್ನೆಚಿಹ್ನೆ, ಒಂದೆರಡಲ್ಲ, ಮೂವತ್ತಾರು, ಪದದ ಮೊದಲಕ್ಷರ ದೊಡ್ಡದು, ಒಮ್ಮೆ ಶುರುವಾದ ದಪ್ಪಕ್ಷರ ಮುಗಿಯುವುದೇ ಇಲ್ಲ, ಪಾಪ ಎಲ್ಲಾ ಟ್ಯಾಗೂ ಮುಗೀಲಾ ಮುಗೀಲಾ ಅಂತ ಪರ್ಮಿಶನ್ ಕೇಳ್ತಾ ಇದೆ ಗುರು ಅಂದ ಲಿಖಿತ್, ಕುರ್ಚಿಯಿಂದ ಬೀಳುವಷ್ಟು ನಕ್ಕೆವು, ಅದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೆವು, ನಾನು ನೋಟುಬುಕ್ಕಿನಲ್ಲಿ ಬರೆದುಕೊಂಡೆ, ನೂರಾ ಹದಿನೆಂಟು. ಮತ್ತು ಉತ್ತರ ಬರೆದೆ, ಎಲ್ಲರಿಗೂ ಕಳಿಸುವ ಸಿದ್ಧ ಉತ್ತರ, ನಿಮ್ಮ ಪುಟದ ಟ್ಯಾಗುಗಳು ನಿಯಮದಂತೆ ಇಲ್ಲ, ದಯವಿಟ್ಟು ಸರಿಪಡಿಸಿಕೊಳ್ಳಿ, ವಂದನೆಗಳು, ಮಹಾನಂದಾ. ಪುಟದ ಒಳಗೆ ಏನಿದೆ ಎಂದು ಓದಲಿಲ್ಲ. ಕಣ್ಣ ಮುಂದೆಯೇ ಇತ್ತು, ಟ್ಯಾಗು ಟ್ಯಾಗಿನ ನಡುವೆ ಮಾತುಗಳಿದ್ದವು, ನಾನು ಟ್ಯಾಗು ಮಾತ್ರ ನೋಡಿದೆ.

ಎರಡನೆಯ ಪತ್ರ ಇಪ್ಪತ್ತೆರಡಕ್ಕೆ, ಶುಕ್ರವಾರ, ಮೇಡಮ್ಮಾರ, ನೀವು ಹೇಳಿದಂಗ ತಿದ್ದೀನ್ರಿ, ನಾಕು ಸರ್ತಿ ತಿದ್ದೀನಿ, ಆದ್ರೂ ಬರವಲ್ದು, ಮೊನ್ನೆ ಹತ್ತೊಂಬತ್ತಕ್ಕ ಇಲ್ಲಿ ಒಬ್ಬಾಕಿದು ಬೆರಳ ಹೋತು, ಪೇಜು ತೆಗೀಲಿಲ್ಲ, ಕೈ ಮುಗೀತೀನಿ ನೋಡ್ರಿ. ಆಗ ಓದಿದೆ. ಮೊದಲಿನಿಂದ ಕೊನೆಯವರೆಗೆ, ಟ್ಯಾಗುಗಳನ್ನು ಬಿಟ್ಟು. ಇದೂ ಇಂಗ್ಲಿಷ್ ಅಕ್ಷರದ ಕನ್ನಡವೇ, ಕೈ ಕೊಯ್ಕೊಂಡವರಿಗೆ ಎಂದು ತಲೆಬರಹ, ಮಿಶಿನ್ನಿಗೆ ಸಿಕ್ಕು ಬೆರಳು ತುಂಡಾದರೆ ಗಾಬರಿ ಆಗಬೇಡಿ, ಬೆರಳನ್ನು ಹೀಗೆ ತೆಗೆದುಕೊಂಡು ಹೋಗಿ, ಹೊಲಿದು ಕೂಡಿಸುವ ಡಾಕ್ಟರು ಯಾವ ಆಸ್ಪತ್ರೆಯಲ್ಲಿ ಯಾವ ಹೊತ್ತಿಗೆ ಇರುತ್ತಾರೆ, ಯಾವ ಗೇಟಿನಿಂದ ಒಳಗೆ ಹೋಗಬೇಕು, ಆಂಬುಲೆನ್ಸಿನ ಫೋನು, ನೀಲಪ್ಪನ ಫೋನು. ಗೋಡೆಯ ಮೇಲಿನ ಆ ಪ್ರಿಂಟನ್ನು ಕಿತ್ತೆ, ಲಿಖಿತ್ ಏನಾಯ್ತೇ ಅಂದ, ಏನೂ ಇಲ್ಲ ಅಂದೆ, ಅದನ್ನು ಮಡಿಸಿ ನೋಟುಬುಕ್ಕಿನೊಳಗೆ ಇಟ್ಟುಕೊಂಡೆ, ಅವತ್ತು ವೈಟ್‌ಫೀಲ್ಡಿನ ಪೀಜಿಯಲ್ಲಿ ಜೊತೆಗಿದ್ದವರು ಟೀವಿ ನೋಡುತ್ತ ಕರೆದರೂ ಹೋಗಲಿಲ್ಲ, ಭಾನುವಾರ ಬೆಳಿಗ್ಗೆ ಯಾರಿಗೂ ಹೇಳದೆ ಬಸ್ಸು ಹತ್ತಿದೆ.

ಸೈಬರ್ ಸೆಂಟರ್ ಎಂದರೆ ಎರಡು ಶೆಡ್ಡುಗಳ ನಡುವಿನ ಸಂದಿಯಲ್ಲಿ ನಾಲ್ಕು ಕಂಪ್ಯೂಟರು, ನೀಲಪ್ಪ ಎದುರಿನ ಶೆಡ್ಡಿನ ಕಾವಲುಗಾರ, ಖಾಕಿ ಅಂಗಿ, ನಲವತ್ತೈದರ ಮೇಲಿನ ವಯಸ್ಸು, ಕುಷ್ಟಗಿ ಕಡೆಯವನು, ನಾನು ನಮ್ಮೂರು ಗಜೇಂದ್ರಗಡ ರೀ ಅಂದದ್ದೇ ತಡ, ಹೌದೇನವಾ, ಹಂಗಂದ್ರ ನಮ್ಮ ಮಗ್ಗಲೂರಾಕಿ, ಬಾ ತಂಗಿ ಬಾ, ಅಂದ, ಮೇಡಮ್ಮು ಅನ್ನುವುದು ಅಲ್ಲಿಗೆ ನಿಂತಿತು. ಬಲಗೈ ಮುಂದೆ ಚಾಚಿದ, ಆಮೇಲೆ ನೆನಪಾದವನಂತೆ ಹಿಂದಕ್ಕೆ ಎಳೆದುಕೊಂಡ — ಹೆಬ್ಬೆರಳು ಮತ್ತು ಕಿರುಬೆರಳು, ನಡುವಿನ ಮೂರು ಇಲ್ಲ. ಲೇತಿನ ಮ್ಯಾಲ ಟರ್ನರ್ ಇದ್ನಿ, ತೊಂಬತ್ತೊಂಬತ್ತರಾಗ ಹೋದುವು, ಆವಾಗ ಹೇಳಾವ್ರು ಯಾರೂ ಇದ್ದಿಲ್ಲ, ಕಸದ ಜೋಡಿ ಗುಡಿಸಿ ಹಾಕಿಬಿಟ್ರು ಬೆರಳ, ಆಮ್ಯಾಲ ಒಬ್ರು ಡಾಕ್ಟರ್ ಅಂದ್ರು, ತಂದಿದ್ರ ಕೂಡಿಸ್ತಿದ್ದೆ ಅಂತ, ಅದs ಒಂದು ಮಾತು ನನ್ನ ಎದಿಯಾಗ ಕುಂತುಬಿಟ್ಟೈತಿ ನೋಡವಾ. ಮುಂಜಾನೆ ಸೆಂಟರಿನ ಕಸ ಹೊಡೆದು ನೀರು ತುಂಬಿಸಿ, ಅದಕ್ಕೆ ಬದಲಾಗಿ ಒಂದು ತಾಸು ಕಂಪ್ಯೂಟರು, ಒಂದು ಹರಿದ ಪುಸ್ತಕ ನೋಡಿ ನೋಡಿ ಟ್ಯಾಗು ಕಲಿತ, ಎಂಟು ತಿಂಗಳಿಗೆ ಒಂದು ಪುಟ. ಪೀಣ್ಯದ ಶೆಡ್ಡು ಶೆಡ್ಡಿಗೂ ಹೋಗಿ ಹೇಳಿ ಬಂದಿದ್ದ, ಏನರ ಆದ್ರ ಸೆಂಟರಿಗೆ ಓಡ್ರಿ, ನನ್ನ ಪೇಜು ತೆಗಸ್ರಿ, ಎಲ್ಲಾ ಬರದೀನಿ ಅದರಾಗ. ನಾಲ್ಕು ಜನರ ಬೆರಳು ಕೂಡಿದ್ದವು ಆ ಪುಟದಿಂದ, ಹೆಸರು ಹೇಳಿದ, ಊರು ಹೇಳಿದ, ಒಬ್ಬ ಈಗ ತಬಲಾ ಬಾರಿಸುತ್ತಾನೆ ಎಂದು ಹೇಳಿ ತಾನೇ ನಕ್ಕ. ತಿದ್ದಿ ತೋರಿಸಿ ನೋಡೋಣ ಅಣ್ಣಾರ ಅಂದೆ, ಕುಳಿತ, ನಾನು ಹಿಂದೆ ನಿಂತೆ. ನುಣ್ಣನೆಯ ಟೇಬಲ್ಲು, ಹಗುರದ ಕೀಬೋರ್ಡು, ಮಣಿಕಟ್ಟು ತಿರುಚಿ ಹೆಬ್ಬೆರಳಿಂದ ಒತ್ತಿದರೆ ಕೀಬೋರ್ಡೇ ಜಾರುತ್ತದೆ, ಅದಕ್ಕೆ ಎಡಗೈ ಅದನ್ನು ಒತ್ತಿ ಹಿಡಿದಿರಬೇಕು, ಹಿಡಿಯುವುದು ಎಲ್ಲಿ, ಶಿಫ್ಟ್ ಕೀಲಿಯ ಮೇಲೆ, ಮೊನಚು ಕಂಸಕ್ಕೆ ಶಿಫ್ಟ್ ಬೇಕು, ಸರಿ, ಕಂಸ ಬಂತು, ಓರೆಗೆರೆಯ ಕೀಲಿ ಅಲ್ಲೇ ಪಕ್ಕ, ಹೆಬ್ಬೆರಳು ಅಲ್ಲಿಗೆ ಜಾರಿತು, ಎಡಗೈ ಇನ್ನೂ ಎದ್ದಿಲ್ಲ — ಅದೇ ಕೀಲಿಯ ಮೇಲ್ಮನೆಯಲ್ಲಿ ಪ್ರಶ್ನೆಚಿಹ್ನೆ. ಬಂತು. ಅದರ ಬೆನ್ನಿಗೆ ಪದದ ಮೊದಲಕ್ಷರವೂ ದೊಡ್ಡದಾಗಿ ಬಂತು, ಆಮೇಲೆ ಎಡಗೈಯನ್ನು ಶಿಫ್ಟಿನಿಂದ ಪಕ್ಕಕ್ಕೆ ಸರಿಸಿದ, ಮುಂದಿನ ಅಕ್ಷರಗಳು ಸಣ್ಣವಾಗಿ ಸಾಲುಗಟ್ಟಿದವು. ಹಿಂಗ ಐತಲ್ಲವಾ ಪುಸ್ತಕದಾಗ, ಅಂದ, ಮಸುಕಾದ ಪರದೆಗೆ ಮೂಗು ತಾಗಿಸಿ, ಅಷ್ಟು ಸಣ್ಣ ಅಕ್ಷರದಲ್ಲಿ ಗೆರೆಗೂ ಚಿಹ್ನೆಗೂ ಅವನಿಗೆ ಎಲ್ಲಿಯ ವ್ಯತ್ಯಾಸ. ನಾವು ನಕ್ಕಿದ್ದು ಇದಕ್ಕೆ.

ಸೋಮವಾರ ಚನಬಸಪ್ಪ ಸಾರ್ ಮುಂದೆ ನಿಂತೆ. ಯಾರನ್ನ ಕೇಳಿ ಹೋದೆ ಪೀಣ್ಯಕ್ಕೆ, ಅಂದರು. ಕೇಳಿಲ್ಲ ಸಾರ್. ಒಬ್ಬರಿಗೋಸ್ಕರ ನಿಯಮ ಸಡಿಲ ಮಾಡಿದ್ರೆ ಅದೇ ಸಂದೀಲಿ ನಾಳೆ ಕಳ್ಳ ನುಗ್ತಾನಮ್ಮ, ನೀನೇ ಅಲ್ವಾ ಬಿಗಿ ಮಾಡಿದ್ದು. ಸಡಿಲ ಮಾಡಲ್ಲ ಸಾರ್, ಪ್ರಶ್ನೆಚಿಹ್ನೆ ಆದ್ಮೇಲೆ ನಮಗೆ ಗೊತ್ತಿರೋ ಟ್ಯಾಗಿನ ಹೆಸರು ಬಂದು ಅಲ್ಲೇ ಕಂಸ ಮುಚ್ಚಿದ್ರೆ, ಅದನ್ನ ಓರೆಗೆರೆ ಅಂತ ನಾವೇ ತಿದ್ದಿ ಮುಂದಕ್ಕೆ ಬಿಡೋದು, ಬೇರೆ ಏನೇ ಬಂದ್ರೂ ಮೊದಲಿನ ಹಾಗೇ ಕಿತ್ತಾಕೋದು. ಅವರು ನಂಬಲಿಲ್ಲ, ಆಗ ಹೇಳಿದೆ, ಇಲ್ಲದ ಮೂರು ಬೆರಳು, ಜಾರುವ ಕೀಬೋರ್ಡು, ಪುಟದಲ್ಲಿ ಏನು ಬರೆದಿದೆ, ಹತ್ತೊಂಬತ್ತನೆಯ ತಾರೀಖು ಏನಾಯಿತು, ಎಲ್ಲ. ಸಾರ್ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತಲೇ ಇದ್ದರು, ಒರೆಸಿ ಮುಗಿಯಲೇ ಇಲ್ಲ, ಕಾರ್ಖಾನೇಲಿ ನಾನು ನೋಡಿದೀನಿ ಮಹಾನಂದಾ, ಅಂದರು ಕೊನೆಗೆ, ಟೆಸ್ಟ್ ಮಾಡು, ಬುಧವಾರದೊಳಗೆ ಎಲ್ಲಾ ಸೆಂಟರ್‌ಗೂ ಹೋಗ್ಬೇಕು. ಲಿಖಿತ್ ಎರಡು ದಿನ ನನ್ನ ಜೊತೆ ಕುಳಿತ, ಒಂದೂ ತಮಾಷೆ ಮಾಡಲಿಲ್ಲ, ನಿಯಮಕ್ಕೆ ಹೆಸರು ಕೊಡಬೇಕಿತ್ತು, ನೀಲಪ್ಪ ಅಂತಲೇ ಹಾಕು ಅಂದವನು ಅವನೇ. ಬುಧವಾರ ಮಧ್ಯಾಹ್ನ ಫೋನು, ತಂಗೀ, ಬಂತವಾ, ಬಂತು, ಅಕ್ಷರ ಎಲ್ಲಾ ಬಂದ್ವು — ಹಿಂದೆ ಯಾವುದೋ ಯಂತ್ರದ ಬಡಿತ, ಅವನ ದನಿ ಅದಕ್ಕಿಂತ ಮೇಲೆ.

ಆಮೇಲೆ ಎಷ್ಟು ಸಲ ಹೋದೆ, ಲೆಕ್ಕವಿಲ್ಲ, ನೀಲಪ್ಪನ ಹೆಂಡತಿ ಮಲಕವ್ವ ಒಂದೇ ಕೋಣೆಯ ಮನೆಯಲ್ಲಿ ಒಲೆ ಹಚ್ಚಿ ರೊಟ್ಟಿ ಬಡಿಯುತ್ತಿದ್ದಳು, ಶೇಂಗಾ ಚಟ್ನಿ, ಗಟ್ಟಿ ಮೊಸರು, ತಿನ್ನs ತಂಗಿ, ಆ ಪೀಜಿಯಾಗ ಏನ್ ಹಾಕ್ತಾರೋ ಏನೋ, ಆ ಬಡಿತದ ಸದ್ದಿಗೆ ನನಗೆ ಮನೆ ನೆನಪಾಗುತ್ತಿತ್ತು, ಈಗ ಆ ಕೋಣೆಯೇ ನನಗೆ ಮನೆಯ ಹಾಗೆ ನೆನಪಾಗುತ್ತದೆ. ಪುಟ ಮತ್ತೆ ಎರಡು ವರ್ಷ ನಡೆಯಿತು, ಉಚಿತವಾಗಿ ಜಾಗ ಕೊಟ್ಟಿದ್ದ ಸೈಟು ಮುಚ್ಚಿತು, ಅಷ್ಟರಲ್ಲಿ ಎಲ್ಲರ ಕೈಯಲ್ಲೂ ಮೊಬೈಲು, ನೀಲಪ್ಪ ಅದೇ ಮಾತುಗಳನ್ನು ತಗಡಿನ ಬೋರ್ಡಿಗೆ ಬರೆಸಿ ಶೆಡ್ಡುಗಳ ಬಾಗಿಲಿಗೆ ಹೊಡೆಸಿದ, ಗಂಡ ಹೆಂಡತಿ ಈಗ ಕುಷ್ಟಗಿಯಲ್ಲಿದ್ದಾರೆ, ದೀಪಾವಳಿಗೆ ಫೋನು ಮಾಡುತ್ತಾರೆ. ನಮ್ಮ ಕಂಪನಿಯನ್ನು ದೊಡ್ಡವರು ಕೊಂಡರು, ಚನಬಸಪ್ಪ ಸಾರ್ ಮೈಸೂರಿಗೆ ಹೋದರು, ನಾನು ಎಲೆಕ್ಟ್ರಾನಿಕ್ ಸಿಟಿಗೆ. ದುರ್ಗವ್ವ — ಅವಳ ಹೆಸರು ದುರ್ಗವ್ವ, ಹತ್ತೊಂಬತ್ತನೆಯ ತಾರೀಖು ಬೆರಳು ಹೋದವಳು, ಲಿಂಗಸೂರಿನ ಕಡೆಯವಳು, ಆಗ ಇಪ್ಪತ್ತೆರಡು — ಆಮೇಲೆ ತಗಡು ಒತ್ತುವ ಪ್ರೆಸ್ಸು ಮಿಶಿನ್ನು ಬಿಟ್ಟು ಪ್ಯಾಕಿಂಗಿಗೆ ಹೋದಳು, ಮದುವೆಯಾದಳು, ಹೊಸದಾಗಿ ಬರುವ ಹುಡುಗಿಯರಿಗೆ ಮಿಶಿನ್ನಿನ ಮುಂದೆ ಹೇಗೆ ನಿಲ್ಲಬೇಕು ಎಂದು ಕಲಿಸುವ ಕೆಲಸ ಈಗ ಅವಳದೇ, ಮದುವೆಯ ಫೋಟೋ ಕಳಿಸಿದ್ದಳು, ಚೆನ್ನಾಗಿದ್ದಾಳೆ, ಎಲ್ಲ ಚೆನ್ನಾಗಿಯೇ ಆಯಿತು, ಹಾಗೆಂದು ಹತ್ತು ವರ್ಷದಿಂದ ನನಗೆ ನಾನೇ ಹೇಳಿಕೊಂಡಿದ್ದೇನೆ.

ಆದರೆ ಜುಲೈ ಒಂದನೆಯ ಆ ಭಾನುವಾರ, ಪುಟ ಸರಿಯಾದ ಮೇಲೆ, ಎರಡನೆಯ ಸಲ ಹೋದಾಗ, ನೀಲಪ್ಪ ಅವಳನ್ನು ಕರೆಸಿದ್ದ, ನನ್ನನ್ನು ತೋರಿಸಿ, ನಮ್ಮ ತಂಗಿ, ಹಾಳಿ ಸರಿಮಾಡಿಕೊಟ್ಟಾಕಿ, ಅಂದ. ಹಸಿರು ಸೀರೆ, ಬಲಗೈಗೆ ಬಿಳಿ ಬ್ಯಾಂಡೇಜು, ದೊಡ್ಡ ಉಪಕಾರ ಆತ್ರಿ ಅಕ್ಕಾರ ಅಂದಳು ದುರ್ಗವ್ವ, ಅದನ್ನು ಕೇಳಿಸಿಕೊಂಡು ಸುಮ್ಮನೆ ಕೂರಲು ಆಗಲಿಲ್ಲ. ಸರಿಮಾಡಿದಾಕಿ ಅಲ್ಲವಾ, ಕೆಡಿಸಿದಾಕೀನೂ ನಾನs, ಅಂದೆ, ಆ ದಿನ ನಿನ್ನ ಜೊತೆ ಕೆಲಸಕ್ಕಿದ್ದ ಬಸಲಿಂಗ ಸೆಂಟರಿಗೆ ಓಡಿಬಂದು ಪೇಜು ತೆಗೆಸಿದಾಗ ಬಿಳೀ ಹಾಳಿ ಬಂದದ್ದು ನಾನು ಬರೆದ ನಿಯಮದಿಂದ, ಅದಕ್ಕಿಂತ ಎಂಟು ದಿನ ಮೊದಲೇ ಅಣ್ಣ ಪತ್ರ ಬರೆದಿದ್ರು, ನಾ ಓದಲಿಲ್ಲ, ನಕ್ಕೆ. ನೀಲಪ್ಪ ತಲೆ ತಗ್ಗಿಸಿದ, ನಂದೂ ತಪ್ಪೈತಿ ಬಿಡವಾ ಅಂದ, ದುರ್ಗವ್ವ ಅವನ ಕಡೆ ನೋಡಲಿಲ್ಲ. ಬಸಲಿಂಗ ಬರಿಗೈಲೆ ವಾಪಸ್ ಬಂದಿದ್ದ, ಐಸ್‌ಕ್ಯಾಂಡಿ ಗಾಡಿಯವನ ಹತ್ತಿರ ಮಂಜುಗಡ್ಡೆ ತಂದು ಬೆರಳನ್ನು ಅದರೊಳಗೇ ಹೂತು ಒಯ್ದಿದ್ದರು, ಹೆಪ್ಪುಗಟ್ಟಿ ಬೆಂದ ಹಾಗಾಗಿತ್ತು, ಡಾಕ್ಟರು ಆಗುವುದಿಲ್ಲ ಅಂದಿದ್ದರು. ಹಾಳಿ ಬಂದಿದ್ರ ಉಳೀತಿತ್ತೇನ್ರಿ, ಕೇಳಿದಳು. ಗೊತ್ತಿಲ್ಲವಾ, ಉಳೀತಿತ್ತೇನೋ. ಬಯ್ಯುತ್ತಾಳೆ ಎಂದುಕೊಂಡೆ, ಬಯ್ಯಲಿ ಎಂದು ಕಾದೆ. ನನಗ ಇಂಗ್ಲೀಷ್ ಅಕ್ಷರ ಬರಂಗಿಲ್ರಿ, ಅಂದಳು, ಅದರಾಗ ಏನೈತಿ ನಾ ನೋಡೇ ಇಲ್ಲ, ಓದಿ ಹೇಳ್ರಿ. ಪುಟ ತೆಗೆದೆ, ಇಡೀ ಪುಟ ದಪ್ಪಕ್ಷರ ಅಲ್ಲ ಈಗ, ತಲೆಬರಹ ಮಾತ್ರ, ಓದಿದೆ, ಬೆರಳನ್ನು ಒದ್ದೆ ಮಾಡಿ ಹಿಂಡಿದ ಚೊಕ್ಕ ಅರಿವೆಯಲ್ಲಿ ಸುತ್ತಿರಿ — ಅವಳು ಆ ಬ್ಯಾಂಡೇಜಿನ ಕೈಯನ್ನೇ ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು ಹೆಬ್ಬೆರಳಿನಿಂದ ಕಿರುಬೆರಳು ಮುಟ್ಟಿದಳು, ಒಂದು — ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿರಿ, ಉಂಗುರದ ಬೆರಳು — ಆ ಚೀಲವನ್ನು ಮಂಜುಗಡ್ಡೆಯ ಮೇಲೆ ಇಡಿರಿ, ನಡುಬೆರಳು — ಬೆರಳಿಗೆ ಮಂಜುಗಡ್ಡೆ ತಾಗಬಾರದು, ಹೆಬ್ಬೆರಳು ಮುಂದಕ್ಕೆ ಸರಿಯಿತು, ಅಲ್ಲಿ ಏನೂ ಇರಲಿಲ್ಲ, ಬಿಳಿ ಬಟ್ಟೆಯ ಮೇಲೆ ತಡವರಿಸಿ ನಿಂತಿತು. ಇನ್ನೊಮ್ಮೆ ಓದ್ರಿ, ಅಂದಳು. ಓದಿದೆ, ಅರಿವೆ, ಕಿರುಬೆರಳು, ಚೀಲ, ಉಂಗುರದ ಬೆರಳು, ಮಂಜುಗಡ್ಡೆಯ ಮೇಲೆ, ನಡುಬೆರಳು, ತಾಗಬಾರದು — ಹೆಬ್ಬೆರಳು ಹೋಯಿತು, ಬಟ್ಟೆಯ ಮೇಲೆ ನಿಂತಿತು. ಇನ್ನೊಮ್ಮೆ ಓದ್ರಿ. ಅರಿವೆ, ಚೀಲ, ಮೇಲೆ, ತಾಗಬಾರದು, ತಾಗಬಾರದು, ಆ ಹೆಬ್ಬೆರಳು, ಬಿಳಿ ಬಟ್ಟೆಯ ಮೇಲೆ, ತೋರುಬೆರಳು ಇರಬೇಕಾದ ಜಾಗವನ್ನು ಮೆಲ್ಲಗೆ ಒತ್ತುತ್ತ —